ತಾರೀಕು ಬರೆಯದ ಕಾರ್ಡು

ಶಿವಮೊಗ್ಗ, 12 ನವೆಂಬರ್ 2024, ಮಂಗಳವಾರ

ಹಾಲೇಶನ ಕಾರ್ಡಿನಲ್ಲಿ ಮುಂದಿನ ಭೇಟಿಯ ತಾರೀಕು ಬರೆಯಲೇ ಇಲ್ಲ. ಕೌನ್ಸೆಲಿಂಗಿಗೆ ಬಂದ ಯಾರನ್ನೂ ನಾನು ಹಾಗೆ ಕಳಿಸಿದವಳಲ್ಲ.

ಫ್ಯಾಕ್ಟರಿಗೆ ಅರ್ಧ ದಿನ ರಜೆ ಹಾಕಿ ಭದ್ರಾವತಿಯಿಂದ ಬೈಕಿನಲ್ಲಿ ಬಂದಿದ್ದ. "ಮಗಳಿಗೆ ಹೊಡೀತೀನಿ ಮೇಡಂ. ಆಮೇಲೆ ನಂಗೇ ಅಳು ಬರುತ್ತೆ. ನಿಲ್ಸೋಕೆ ಆಗ್ತಿಲ್ಲ," ಎಂದ. ಮಗಳಿಗೆ ಒಂಬತ್ತು ವರ್ಷವಂತೆ.

ನಾನು ಅವನ ಕೈಗಳನ್ನೇ ನೋಡುತ್ತಿದ್ದೆ. ನಾನು ಬೆಳೆದದ್ದೂ ಅದೇ ಊರಿನ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ. ಶಿಫ್ಟ್ ಮುಗಿಸಿ ಬರುವ ಅಪ್ಪನ ಸೈಕಲ್ ಸದ್ದು ಕೇಳಿದರೆ ಸಾಕು, ನಾನು ಮಂಚದ ಕೆಳಗೆ ಸೇರುತ್ತಿದ್ದೆ. ಅಪ್ಪ ಸತ್ತು ಹನ್ನೊಂದು ವರ್ಷವಾಯಿತು. ಅವನಿಗೆ ಹೇಳಲಾಗದೆ ಉಳಿದಿದ್ದನ್ನು ಇವತ್ತು ಹಾಲೇಶನಿಗೆ ಹೇಳಿದೆ: "ಹೊಡೆಯೋರು ಬದಲಾಗಲ್ಲ."

ಹಾಲೇಶ ಕಾರ್ಡು ತೆಗೆದುಕೊಂಡು ಎದ್ದ. ಬಾಗಿಲ ಹತ್ತಿರ ನಿಂತು, "ಮತ್ತೆ ಬರ್ಲಾ ಮೇಡಂ?" ಎಂದು ಕೇಳಿದ. ನಾನು ಫೈಲಿನಿಂದ ತಲೆ ಎತ್ತಲಿಲ್ಲ.

ಇಪ್ಪತ್ತು ವರ್ಷ ಈ ಕುರ್ಚಿಯಲ್ಲಿ ಕೂತು ಕಲಿತದ್ದು ಇಷ್ಟೇನಾ? ನಾಚಿಕೆಯಾಗುತ್ತಿದೆ. ನನ್ನಪ್ಪ ಒಂದು ದಿನವೂ ಯಾರ ಬಾಗಿಲಿಗೂ ಹೋಗಿ ಹೀಗೆ ಕೇಳಿಕೊಂಡವನಲ್ಲ. ಇವನು ಬಂದಿದ್ದ.

ಬೆಳಿಗ್ಗೆ ನಾನೇ ಫೋನ್ ಮಾಡಿ ಕರೆಯಬೇಕು. ಆದರೆ ಸಂಜೆಯೇ ಮನೆ ಮುಟ್ಟಿರುತ್ತಾನೆ. ಬೈಕ್ ನಿಂತ ಸದ್ದಿಗೆ ಆ ಮಗು ಮಂಚದ ಕೆಳಗೆ...