ಎಡದಂಚಿನ ಸಡಿಲ ಕೊಂಡಿಗಳು

ಮೊಳಕಾಲ್ಮೂರು
ಇಸವಿ ಎರಡು ಸಾವಿರದ ಇನ್ನೂರ ಹದಿನೇಳು, ಮೂರನೆಯ ಸೊಪ್ಪಿನ ತಿಂಗಳು, ಒಂಬತ್ತನೆಯ ದಿನ

ನಮಗಿಂತ ಮೊದಲು ಬಾಳಿದವರೇ,

ಈ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ, ಮನ್ನಿಸಬೇಕು. ನಾವು ತಿಂಗಳುಗಳನ್ನು ಹಿಪ್ಪುನೇರಳೆ ಚಿಗುರುವ ಸರದಿಯಲ್ಲಿ ಎಣಿಸುತ್ತೇವೆ. ನನ್ನ ಮಾತಿನಲ್ಲೂ ನಿಮ್ಮ ಕಿವಿಗೆ ಹೊಸದಾದವು ಬರುತ್ತವೆ. ಬಂದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ. ಮೊದಲನೆಯದು ಈ ಕಾಗದದ ಹೆಸರೇ. ಇದಕ್ಕೆ ಹಿಂದೋಲೆ ಎನ್ನುತ್ತೇವೆ. ನಮ್ಮೂರಿನಲ್ಲಿ ನೂರನೆಯ ಸೀರೆ ನೇಯ್ದು ಇಳಿಸಿದವಳಿಗೆ, ಹಿಂದಿನ ಕಾಲದವರಿಗೆ ಒಂದು ಓಲೆ ಬರೆದು ತಾಮ್ರದ ಪೆಟ್ಟಿಗೆಯಲ್ಲಿ ಹಾಕುವ ಹಕ್ಕಿದೆ. ಅದು ನಿಮಗೆ ಮುಟ್ಟುವುದನ್ನು ಕಂಡವರಿಲ್ಲ. ಹೆಚ್ಚಿನವರು ನಿಮಗೆ ವಂದನೆ ಹೇಳಿ ಬರೆಯುತ್ತಾರೆ. ನನ್ನ ಹೆಸರು ನುಂಕಮ್ಮ, ವಯಸ್ಸು ನಲವತ್ತೊಂದು. ನಾನು ವಂದನೆ ಹೇಳಲು ಕೂತಿಲ್ಲ. ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು.

ನಿಮ್ಮ ಕಾಲದ ಚಿತ್ರಗಳನ್ನು ನೋಡಿದ್ದೇನೆ. ಮದುವೆಮನೆಯಲ್ಲಿ ರೇಷ್ಮೆ ಸೀರೆ ಉಟ್ಟ ಐವತ್ತು ಹೆಂಗಸರು ಒಂದೇ ಸಾಲಿನಲ್ಲಿ ಎಲೆ ಮುಂದೆ ಕೂತು ಸಾರು ಸುರಿದುಕೊಳ್ಳುತ್ತಿದ್ದಾರೆ, ಒಬ್ಬಳಿಗೂ ಸೀರೆಯ ಮೇಲೆ ಗಮನವಿಲ್ಲ. ಇನ್ನೊಂದರಲ್ಲಿ ಬಸ್ಸಿನಿಂದ ಇಳಿದ ಒಂದು ಸಂಸಾರ ಹಂಪಿಯ ಕಲ್ಲುಮಂಟಪದಲ್ಲಿ ಕಾಲು ಚಾಚಿ ಚಿತ್ರಾನ್ನ ತಿನ್ನುತ್ತಿದೆ. ಒಬ್ಬ ಗಂಡಸು ಕಂಬಕ್ಕೆ ಒರಗಿ ನಿದ್ದೆಹೋಗಿದ್ದಾನೆ. ಆ ನಿದ್ದೆ ಕಂಡು ನನ್ನ ಹೊಟ್ಟೆ ಉರಿದಷ್ಟು ರಾಜರ ಸಿಂಹಾಸನದ ಚಿತ್ರ ಕಂಡಾಗಲೂ ಉರಿದಿಲ್ಲ.

ನಮ್ಮ ಕಾಲದಲ್ಲಿ ಇದು ಹೇಗಿದೆಯೆಂದು ಹೇಳಬೇಕು. ಮೂವತ್ತು ವರ್ಷದ ದೊಡ್ಡ ಸೆಕೆಯಲ್ಲಿ ರೇಷ್ಮೆಹುಳು ಬಯಲುಸೀಮೆಯಿಂದ ಅಳಿಸಿಹೋಯಿತು. ಈಗ ಅದು ಬದುಕುವುದು ತಂಪುಮನೆಗಳಲ್ಲಿ ಮಾತ್ರ. ತಂಪುಮನೆಯೆಂದರೆ ನೆಲದಡಿ ಎರಡಾಳು ಆಳಕ್ಕೆ ತೋಡಿ, ಒದ್ದೆ ಗೋಣಿ ಕಟ್ಟಿದ ಕೋಣೆ. ನಮ್ಮೂರಿನಲ್ಲಿ ಅಂಥವು ಹನ್ನೊಂದಿವೆ. ಸರದಿಯ ಮೇಲೆ ಇಳಿದು, ಉಸಿರು ಬಿಗಿಹಿಡಿದು ಸೊಪ್ಪು ಹಾಸುತ್ತೇವೆ. ಹುಳುಗಳು ಮೇಯುವ ಸದ್ದು ತುಂತುರಿನ ಹಾಗೆ ಕೇಳುತ್ತದೆ. ಹೀಗೆ ಬಂದ ನೂಲಿನಿಂದ ಇಡೀ ಊರು ವರ್ಷಕ್ಕೆ ನೇಯುವುದು ಇಪ್ಪತ್ತಾರು ಸೀರೆ. ಅದರಲ್ಲಿ ಒಂದನ್ನೂ ನಾವು ಉಡುವುದಿಲ್ಲ. ಎಲ್ಲವೂ ತೇಲುಮಹಲಿಗೆ ಹೋಗುತ್ತವೆ. ಅದು ಗಾಳಿಯಲ್ಲಿ ಎತ್ತಿನಗಾಡಿಯಷ್ಟು ನಿಧಾನ ಸಾಗುವ ಅರಮನೆ. ಸಿರಿವಂತರು ಕಡಲತೀರದಲ್ಲಿ ಅದನ್ನೇರಿ, ಬಾದಾಮಿ, ಐಹೊಳೆಗಳ ಮೇಲೆ ತೇಲಿ, ಕೊನೆಗೆ ಹಂಪಿಯಲ್ಲಿ ಇಳಿದು, ಒಂದು ಸಂಜೆ ರೇಷ್ಮೆ ಉಟ್ಟು ಕಲ್ಲಿನ ಮೇಲೆ ನಡೆಯುತ್ತಾರೆ. ಕಲ್ಲು ಸವೆಯುತ್ತದೆಂದು ದಿನಕ್ಕೆ ನಲವತ್ತು ಜನರಿಗಷ್ಟೇ ಕಲ್ಲುಚೀಟಿ ಸಿಗುತ್ತದೆ, ಅಂದರೆ ಆ ನೆಲ ಮೆಟ್ಟುವ ಅಪ್ಪಣೆ. ನಲವತ್ತೂ ಮಹಲಿನವರಿಗೇ. ನಮ್ಮೂರಿನಿಂದ ಹಂಪಿ ಹಕ್ಕಿಗೆ ಒಂದು ಬೆಳಗಿನ ದಾರಿ. ನಮ್ಮಲ್ಲಿ ಅದನ್ನು ಮೆಟ್ಟಿದವರು ಯಾರೂ ಇರಲಿಲ್ಲ.

ಪದ್ಮಾಕ್ಷಿ ಮೆಟ್ಟಿದಳು. ನಾನು ಬರೆಯಬೇಕಾದದ್ದು ಅವಳ ವಿಷಯ.

ಅವಳು ನನ್ನ ಸೋದರತ್ತೆಯ ಮಗಳು, ಮಗ್ಗದಲ್ಲಿ ಹದಿನಾಲ್ಕು ವರ್ಷದಿಂದ ನನ್ನ ಜೊತೆಗಾರ್ತಿ. ನಮ್ಮ ಸೀರೆಯನ್ನು ಒಬ್ಬಳೇ ನೇಯುವುದು ಬಲು ನಿಧಾನ, ಬಲು ಕಷ್ಟ. ಒಡಲಿಗೊಂದು ಲಾಳಿ, ಎರಡು ಅಂಚುಗಳಿಗೆ ಒಂದೊಂದು ಲಾಳಿ. ಪ್ರತಿ ಎಳೆಯಲ್ಲೂ ಒಡಲ ನೂಲನ್ನು ಅಂಚಿನ ನೂಲಿನೊಳಗೆ ಸಿಕ್ಕಿಸಿ ಕೊಂಡಿ ಹಾಕಬೇಕು. ಬಲದಂಚು ನನ್ನದು, ಎಡದಂಚು ಅವಳದು. ನನ್ನ ಕೊಂಡಿ ಅವಳದಕ್ಕಿಂತ ಬಿಗಿ, ಸಾಲು ನೇರ. ಇದು ಜಂಬವಲ್ಲ, ಅವಳೇ ಬಂದವರಿಗೆ ತೋರಿಸಿ ಹೇಳುತ್ತಿದ್ದಳು. ಆದರೆ ಅವಳು ಮಾತಿನ ಮಲ್ಲಿ. ಸೊಪ್ಪಿನ ಗಾಡಿಯವನನ್ನೂ ನಿಲ್ಲಿಸಿ ಅವನ ಮನೆಯವರ ಕ್ಷೇಮ ಕೇಳಿ ನಗಿಸಿ ಕಳಿಸುವವಳು. ನಾನು ತಲೆ ತಗ್ಗಿಸಿದರೆ ಎತ್ತುವವಳಲ್ಲ.

ಹೋದ ವರ್ಷ ಮಹಲಿನ ಮೇಲ್ವಿಚಾರಕಿ ನಮ್ಮೂರಿಗೆ ಇಳಿದಳು. ಯಾತ್ರಿಕರಿಗೆ ನೇಯ್ಗೆಯನ್ನು ಕಣ್ಣೆದುರೇ ತೋರಿಸುವ ಆಸೆ ಅವರಿಗೆ. ಒಬ್ಬಳಿಗೆ ಮಹಲಿನಲ್ಲಿ ಜಾಗ, ಜೊತೆಗೆ ಕಲ್ಲುಚೀಟಿ. ಒಬ್ಬಳೇ ನಡೆಸಬಹುದಾದ ಸಣ್ಣ ಮಗ್ಗವನ್ನೂ ಮಾಡಿಸಿದ್ದರು. ಆಕೆ ಎರಡು ದಿನ ನಮ್ಮ ಜಗಲಿಯಲ್ಲಿ ಕೂತು ನೋಡಿದಳು. ನನ್ನ ಅಂಚನ್ನು ಬೆರಳಿನಿಂದ ಸವರಿ ತಲೆದೂಗಿದಳು. ಆಮೇಲೆ ಪದ್ಮಾಕ್ಷಿಯ ಕಡೆ ತಿರುಗಿ ಮಾತಿಗೆ ಕೂತಳು, ನಕ್ಕಳು, ಊಟಕ್ಕೂ ನಿಂತಳು. ಆರಿಸಿದ್ದು ಪದ್ಮಾಕ್ಷಿಯನ್ನು.

ಹೊರಡುವ ಮೊದಲು ಮಗ್ಗದ ಮೇಲಿದ್ದ ಸೀರೆಯನ್ನು ಮುಗಿಸಿ ಕೊಡಬೇಕಿತ್ತು. ನೇರಳೆ ಒಡಲು, ಹಳದಿ ಅಂಚು. ಪದ್ಮಾಕ್ಷಿ ಪ್ರಯಾಣದ ಸಿದ್ಧತೆಯಲ್ಲಿ ಓಡಾಡುತ್ತಿದ್ದಳು. ಕೊನೆಯ ಒಂದು ಮೊಳ ಉಳಿದಾಗ, ಎರಡು ಅಂಚೂ ನೀನೇ ಮುಗಿಸು ಎಂದು ನನಗೆ ಬಿಟ್ಟಳು. ಪ್ರತಿ ಎಳೆಗೂ ಎಡಕ್ಕೂ ಬಲಕ್ಕೂ ಸರಿಯುತ್ತ, ಬಲದಂಚನ್ನು ಎಂದಿನಂತೆ ನೇಯ್ದೆ. ಎಡದಂಚಿನಲ್ಲಿ ಮಾತ್ರ ಒಂದು ಗೇಣಿನುದ್ದಕ್ಕೂ ಕೊಂಡಿಗಳನ್ನು ಸಡಿಲ ಬಿಟ್ಟೆ. ನೋಡಲು ಸರಿಯಾಗಿಯೇ ಇತ್ತು. ಉಟ್ಟು ನಾಲ್ಕು ಮೆಟ್ಟಿಲು ಇಳಿದರೆ ಬಿಡುತ್ತಿತ್ತು. ಎಡದಂಚು ಅವಳದೆಂದು ಇಡೀ ಊರಿಗೆ, ಈಗ ಮಹಲಿಗೂ ಗೊತ್ತಿತ್ತು. ಕೈ ತಪ್ಪಿ ಆದದ್ದಲ್ಲ. ಒಂದೊಂದು ಕೊಂಡಿಯನ್ನೂ ತಿಳಿದೇ ಬಿಟ್ಟೆ.

ಅವಳು ಹೋದ ಮೇಲೆ ದಿನ ಎಣಿಸಿದೆ. ಅವಮಾನದ ಸುದ್ದಿ ಬರುವುದೆಂದು ಕಾದೆ. ಹನ್ನೆರಡನೆಯ ದಿನ ಸೊಪ್ಪಿನ ಗಾಡಿಯ ಜೊತೆ ಬಂದ ಸುದ್ದಿ ಬೇರೆಯೇ ಆಗಿತ್ತು. ಆ ಸೀರೆ ಉಟ್ಟ ಯಾತ್ರಿಕಳೊಬ್ಬಳು ಮಂಟಪದ ಮೆಟ್ಟಿಲು ಇಳಿಯುವಾಗ ಎಡದಂಚು ಒಡಲಿನಿಂದ ಬಿಟ್ಟುಕೊಂಡಿತಂತೆ. ಆಕೆ ಅಳುವಂತಾಗಿ ನಿಂತಾಗ ಪದ್ಮಾಕ್ಷಿ ಅವಳನ್ನು ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿ, ಉಟ್ಟ ಸೀರೆಯಲ್ಲೇ ಸೂಜಿಯಿಂದ ಒಂದೊಂದು ಕೊಂಡಿಯನ್ನೂ ಮತ್ತೆ ಹಾಕಿದಳಂತೆ. ಕತ್ತಲಾಗುವವರೆಗೂ ಹಿಡಿಯಿತಂತೆ. ಅಷ್ಟು ಹೊತ್ತೂ ಉಳಿದವರು ಕಂಬಗಳನ್ನು ಬಿಟ್ಟು ಅವಳ ಬೆರಳನ್ನೇ ನೋಡುತ್ತ ನಿಂತರಂತೆ. ಈಗ ಮಹಲಿನಲ್ಲೆಲ್ಲ ಅವಳದೇ ಮಾತಂತೆ. ನಾನು ತೋಡಿದ ಗುಂಡಿ ಅವಳಿಗೆ ಮೆಟ್ಟಿಲಾಗಿತ್ತು. ಆ ದಿನ ನಾನು ಮಗ್ಗಕ್ಕೆ ಕೂರಲಿಲ್ಲ.

ಎರಡು ಸೊಪ್ಪಿನ ತಿಂಗಳು ಕಳೆದ ಮೇಲೆ ಅವಳು ತಾನಾಗಿ ಮರಳಿ ಬಂದಳು. ಸೊರಗಿದ್ದಳು. ಕೈಕಾಲು ತೊಳೆದು ಬಂದು, ಮಗ್ಗದ ಎಡಕ್ಕೆ ತನ್ನ ಹಲಗೆಯ ಮೇಲೆ ಕೂತಳು. ಲಾಳಿ ಮುಟ್ಟಲಿಲ್ಲ.

"ನಂಗಿನ್ನ ಅಲ್ಲಿಗೆ ಹೋಗಾಕೆ ಆಗಲ್ಲ ಕಣೆ ನುಂಕಿ," ಎಂದಳು. "ಹೊಸ ಸೀರೆ ತಂದು ಕೊಡ್ತಾರೆ. ಬೆಳಿಗ್ಗೆ ನಾನೇ ಅಂಚು ಕೀಳಬೇಕು, ಸಂಜೆ ಅವರ ಮುಂದೆ ಕೂತು ಹೊಲೀಬೇಕು. ನೇಯೋದು ಯಾರೂ ನೋಡಲ್ಲ. ಹರಿದಿದ್ದು ಕೂಡಿಸೋದೇ ಬೇಕು ಅವರಿಗೆ. ನಾವು ಉಸಿರು ಹಿಡಿದು ಸಾಕಿದ ಹುಳದ ನೂಲು."

ನಾನು ಏನಾದರೂ ಸಮಾಧಾನ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, ಕಲ್ಲು ಹೇಗಿದ್ದವು ಎಂಬ ಪ್ರಶ್ನೆ. ಬೆಚ್ಚಗಿದ್ದವು, ಅಂಗಾಲಿಗೆ ನುಣ್ಣಗಿದ್ದವು ಎಂದಳು. ಅವಳ ಅಂಗಾಲನ್ನು ನೋಡಿದೆ. ಅದರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಆಮೇಲೆ ಅವಳು ಮುಖ ತಿರುಗಿಸದೆ ಹೇಳಿದಳು: "ಮೊದಲ್ನೇ ದಿನ ಬಿಟ್ಕಂಡಿದ್ದು ನಿನ್ನ ಕೈ ಕೊಂಡಿ ಅಂತ ನೋಡಿದ ಕೂಡ್ಲೇ ಗೊತ್ತಾತು. ಸಡಿಲ ಬಿಟ್ಟರೂ ನಿನ್ನ ಸಾಲು ನೆಟ್ಟಗೇ ಇತ್ತು."

ಯಾಕೆ ಅಲ್ಲಿ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನಾಳೆ ನಿನ್ನ ಕರೀತಿದ್ರಾ? ನನ್ನ ಜಾಗಕ್ಕೆ ನಿನ್ನ ಹೆಸರು ಬರೆಸಿ ಬಂದೀನಿ. ಹೋಗು. ಕಣ್ಣಾರೆ ನೋಡ್ಕಂಡು ಬಾ."

ಅಲ್ಲಿ ನನ್ನ ಕೈಯಿಂದ ಏನು ಮಾಡಿಸುತ್ತಾರೆಂದು ಗೊತ್ತಿದ್ದೂ ಹೋದೆ. ನಾಚಿಕೆಗಿಂತ ಆಸೆ ದೊಡ್ಡದಾಗಿತ್ತು. ಮಹಲಿನಲ್ಲಿ ನೆಲಕ್ಕೆ ಶ್ರೀಗಂಧದ ಹಲಗೆ, ಗೋಡೆಗೆ ನಮ್ಮದೇ ಸೀರೆಗಳು, ತಟ್ಟೆಯಲ್ಲಿ ನನಗೆ ಹೆಸರು ತಿಳಿಯದ ಹಣ್ಣುಗಳು. ಹಂಪಿಯ ಮೇಲೆ ಬಂದು ನಿಂತ ಮೊದಲ ಬೆಳಗ್ಗೆ ಮೇಲ್ವಿಚಾರಕಿ ನನ್ನ ಕೈಗೆ ಹೊಸ ಸೀರೆಯೊಂದನ್ನೂ ಕತ್ತರಿಯನ್ನೂ ಕೊಟ್ಟಳು. ಮಡಿಕೆ ಬಿಚ್ಚಿದೆ. ಎಡದಂಚು ಪದ್ಮಾಕ್ಷಿಯದು, ನಡುವೆ ಒಂದೆರಡು ಕಡೆ ಕೊಂಚ ಓರೆ. ಕದ್ದು ಸಡಿಲ ಬಿಡಲು ಹೇಸದ ಕೈ ಮೇಲ್ವಿಚಾರಕಿಯ ಅಪ್ಪಣೆಯ ಮೇಲೆ ಕೀಳಲು ಏಳಲಿಲ್ಲ. ಕತ್ತರಿಯನ್ನು ಕೆಳಗಿಟ್ಟು ಹೇಳಿಬಿಟ್ಟೆ: "ಮೊದಲ್ನೇ ಸೀರೆ ತಾನಾಗಿ ಬಿಡಲಿಲ್ಲ ತಾಯಿ. ಅವಳ ಮೇಲಿನ ಹೊಟ್ಟೆಕಿಚ್ಚಿಗೆ ನಾನೇ ಸಡಿಲ ಬಿಟ್ಟಿದ್ದೆ."

ಬೈಯುತ್ತಾಳೆಂದು ನಿಂತಿದ್ದೆ. ಆಕೆಯ ಮುಖ ಅರಳಿತು. "ಇದನ್ನೇ ಸಂಜೆ ಮಂಟಪದಲ್ಲಿ ಅವರ ಮುಂದೆ ಹೇಳ್ತೀರಾ?" ಎಂದು ಮೆಲ್ಲಗೆ ಕೇಳಿದಳು. "ತುಂಬ ಇಷ್ಟಪಡ್ತಾರೆ. ಕಲ್ಲುಚೀಟಿ ನಿಮಗೆ ದಿನಾ ಇರುತ್ತೆ."

ಕಿಟಕಿಯಿಂದ ಕೆಳಗೆ ನೋಡಿದೆ. ಮಂಟಪ ಅಂಗೈಯಷ್ಟು ಕಾಣುತ್ತಿತ್ತು, ಪಕ್ಕದಲ್ಲಿ ಹೊಳೆ ದಾರದ ಹಾಗೆ. ಹೇಳುತ್ತೇನೆ ಎಂದಿದ್ದರೆ ಅದೇ ಸಂಜೆ ನನ್ನ ಅಂಗಾಲು ಆ ಬೆಚ್ಚನೆಯ ಕಲ್ಲಿನ ಮೇಲಿರುತ್ತಿತ್ತು. ನನ್ನ ಕೆಟ್ಟತನವನ್ನಾದರೂ ಮಾರಿಕೊಳ್ಳಬಹುದಿತ್ತು. ಆದರೆ ಅದರ ಜೊತೆ ಅವಳ ಒಳ್ಳೆಯತನವನ್ನೂ ದಿನಾ ಹರಿದು ಹೊಲಿಯಬೇಕಾಗುತ್ತಿತ್ತು. ಆಗದು ಎಂದೆ. ಸಾಮಾನಿನ ಬಂಡಿಯಲ್ಲಿ ನನ್ನನ್ನು ಊರಿಗೆ ಕಳಿಸಿದರು. ಆ ಬಂಡಿಯ ದಾರಿ ಕಲ್ಲುಗಳ ಹತ್ತಿರ ಹಾಯುವುದಿಲ್ಲ.

ಕಲ್ಲು ಮೆಟ್ಟಿದೆಯಾ ಎಂದು ಪದ್ಮಾಕ್ಷಿ ಕೇಳಿದಳು. ಇಲ್ಲವೆಂದೆ, ನಡೆದದ್ದನ್ನೂ ಹೇಳಿದೆ. ಅವಳು ಎದ್ದು ತಂಪುಮನೆಗೆ ಸೊಪ್ಪು ಇಳಿಸಲು ಹೋದಳು. ಮರುದಿನ ಬಂದು ಎಡಕ್ಕೆ ಕೂತಳು. ಆಮೇಲಿನ ಎಂಟು ತಿಂಗಳಲ್ಲಿ ಇಬ್ಬರೂ ಸೇರಿ ಮೂರು ಸೀರೆ ಇಳಿಸಿದೆವು. ಮೂರನೆಯದು ನನ್ನ ನೂರನೆಯದು. ಅವಳು ಕ್ಷಮಿಸಿದ್ದಾಳೋ ಇಲ್ಲವೋ ಕೇಳಿಲ್ಲ. ನನ್ನ ಹೊಟ್ಟೆಕಿಚ್ಚು ಆರಿದೆಯೆಂದು ಸುಳ್ಳು ಬರೆಯಲಾರೆ. ಅವಳು ಕಾಲು ಮಡಚಿ ಕೂರುವಾಗ ಇಂದಿಗೂ ಅಂಗಾಲಿಗೇ ಕಣ್ಣು ಹೋಗುತ್ತದೆ.

ನಿಮ್ಮಿಂದ ಒಂದನ್ನು ಕೇಳಿ ಮುಗಿಸುತ್ತೇನೆ. ಅವಳು ಮಹಲಿಗೆ ಹೊರಟ ಬೆಳಗ್ಗೆ ಊರೆಲ್ಲ ಕಳಿಸಲು ಹೋಗಿತ್ತು. ನೂಲು ಸಿಕ್ಕಾಗಿದೆ ಎಂದು ನೆಪ ಹೇಳಿ ನಾನು ಒಳಗೇ ಕೂತೆ. ಅವಳು ಹೊಸ್ತಿಲ ಬಳಿ ಒಂದಷ್ಟು ಹೊತ್ತು ನಿಂತಿದ್ದಳು. ನಾನು ತಲೆ ಎತ್ತಲಿಲ್ಲ. ನಿಮ್ಮ ಜೊತೆಗಾರ್ತಿ ನಿಮಗಿಂತ ಮೊದಲು ಎಲ್ಲಿಗಾದರೂ ಹೊರಟರೆ, ಹೊಟ್ಟೆ ಉರಿಯುತ್ತಿದ್ದರೂ ಸರಿ, ಎದ್ದು ಬಾಗಿಲವರೆಗೆ ಹೋಗಿ.

ಇಂತಿ,
ಬಲದಂಚಿನ ನುಂಕಮ್ಮ