ಹುರಿ ಸುತ್ತಿದ ಗುಂಡಿ

ವಾಹನಗಳನ್ನು ಪರೀಕ್ಷಿಸಿ ಅರ್ಹತಾಪತ್ರ ನೀಡುವ ಕಚೇರಿಯ ಮುಖ್ಯಾಧಿಕಾರಿಗಳೇ,

ತಮ್ಮ ಕಚೇರಿಯು ಒಂದು ಮೊಳ ಹುರಿಯನ್ನು ದೇವರ ದಾರವೆಂದು ಭಾವಿಸಿ ಕತ್ತರಿಸಿ ಹಾಕಿತು. ಅದರ ಫಲವಾಗಿ ಒಬ್ಬ ಮನುಷ್ಯನ ಬಲಗೈಯ ಮೂರು ಬೆರಳುಗಳು ಹೋದವು. ಈಗ ಆ ಅಪರಾಧವನ್ನು ಲಾರಿಚಾಲಕನಾದ ನನ್ನ ಭಾವಮೈದುನನ, ಅಂದರೆ ತಂಗಿಯ ಗಂಡನ, ತಲೆಗೆ ಕಟ್ಟಲಾಗುತ್ತಿದೆ. ಬರುವ ಸೋಮವಾರ ಅವನ ಪರವಾನಗಿಯ ವಿಚಾರಣೆ. ಮುಚ್ಚಿದ ಲಕೋಟೆಯಲ್ಲಿ ಕಳುಹಿಸಿದ ನನ್ನ ಎರಡು ಪತ್ರಗಳು ತಮ್ಮಲ್ಲಿ ಸಮಾಧಿಸ್ಥಿತಿಯನ್ನು ಹೊಂದಿರುವುದರಿಂದ, ಮೂರನೆಯದನ್ನು ಹತ್ತು ಜನರ ಸಮಕ್ಷಮದಲ್ಲಿ ಬರೆಯುತ್ತಿದ್ದೇನೆ.

ನಾನು ನಲವತ್ತೊಂದು ವರ್ಷಗಳಿಂದ ಡೀಸೆಲ್ ಲಾರಿಗಳಿಗೆ ಕೇಬಲ್ ಜೋಡಿಸುವವನು. ಹಳೆಯ ಲಾರಿಗಳ ಸ್ವಭಾವವನ್ನು ತಾವು ಬಲ್ಲಿರೋ ಇಲ್ಲವೋ. ಬಲ್ಲಿರಿ ಎಂದು ನಂಬುವುದಕ್ಕಿಂತ ಇಲ್ಲವೆಂದು ನಂಬುವುದೇ ನನಗೆ ಹೆಚ್ಚು ನೆಮ್ಮದಿ. ಅವುಗಳಲ್ಲಿ ಬೀಗದ ಕೈ ತಿರುಗಿಸಿದರೆ ದೀಪಗಳು ಆರುತ್ತವೆ, ಎಂಜಿನ್ ಆರುವುದಿಲ್ಲ. ಡೀಸೆಲ್ ಉರಿಯಲು ಕಿಡಿ ಬೇಕಿಲ್ಲ, ಒತ್ತಡ ಸಾಕು. ಎಣ್ಣೆ ಬರುತ್ತಿರುವಷ್ಟು ಕಾಲ ಅದು ಓಡುತ್ತಲೇ ಇರುತ್ತದೆ. ನಿಲ್ಲಿಸಬೇಕಾದರೆ ಚಾಲಕನ ಮುಂದಿನ ಹಲಗೆಯಿಂದ ಎಣ್ಣೆಪಂಪಿನವರೆಗೆ ಹೋಗುವ ಉಕ್ಕಿನ ತಂತಿಯೊಂದನ್ನು ಗುಂಡಿ ಹಿಡಿದು ಎಳೆಯಬೇಕು. ಎಣ್ಣೆ ಕಟ್ಟಾಗಿ ಎಂಜಿನ್ ತಣ್ಣಗಾಗುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ತಂತಿ, ಇನ್ನೊಂದು ಗುಂಡಿ. ಅದು ನಿಂತ ಲಾರಿಯಲ್ಲಿ ಕಾಲಿನ ನೆರವಿಲ್ಲದೆ ವೇಗವನ್ನು ಏರಿಸಿ ಹಿಡಿಯುವುದಕ್ಕೆ. ಎಂಜಿನ್ನಿನ ಬಲದಿಂದಲೇ ನೀರೆತ್ತುವ ಟ್ಯಾಂಕರಿನವರಿಗೆ ಅದಿಲ್ಲದೆ ಕೆಲಸ ನಡೆಯದು. ಒಂದನ್ನು ಎಳೆದರೆ ಮೌನ, ಇನ್ನೊಂದನ್ನು ಎಳೆದರೆ ಆರ್ಭಟ. ಎರಡಕ್ಕೂ ಕ್ರಿಯಾಪದ ಮಾತ್ರ ಒಂದೇ.

ಈ ಗೊಂದಲವನ್ನು ಮುಂಗಂಡೇ ನನಗೆ ಕೆಲಸ ಕಲಿಸಿದ ಹಿರಿಯರು ಒಂದು ಪದ್ಧತಿಯನ್ನು ಇಟ್ಟಿದ್ದರು. ನಿಲುಗಡೆಯ ಗುಂಡಿಗೆ ಮೇಣ ಸವರಿದ ಹುರಿಯನ್ನು ಏಳು ಸುತ್ತು ಬಿಗಿದು ಸುತ್ತುವುದು. ವೇಗದ ಗುಂಡಿಯನ್ನು ನುಣ್ಣಗೆ ಬಿಡುವುದು. ಕಣ್ಣು ಬೇರೆಡೆ ಇದ್ದಾಗಲೂ ಕೈ ತಾನಾಗಿ ಅರಿಯಲಿ ಎಂಬುದಷ್ಟೇ ಅದರ ತತ್ತ್ವ. ಇದರಲ್ಲಿ ಮಂತ್ರವಿಲ್ಲ, ತಂತ್ರವಿದೆ.

ತಮ್ಮ ತಪಾಸಕರು ನನ್ನ ಭಾವಮೈದುನನ ನೀರಿನ ಟ್ಯಾಂಕರ್ ಲಾರಿಯನ್ನು ಪರೀಕ್ಷಿಸಿದ ದಿನ ನಾನೂ ಅಲ್ಲಿದ್ದೆ. ಅವರು ಆ ಹುರಿಯನ್ನು ನೋಡಿದರು, ನನ್ನ ಹಣೆಯ ಗುರುತನ್ನೂ ಜಪಮಣಿಯನ್ನೂ ನೋಡಿದರು, ಎರಡನ್ನೂ ಕೂಡಿಸಿ ಒಂದು ಸಿದ್ಧಾಂತಕ್ಕೆ ಬಂದರು. “ಏನಜ್ಜಾ ಇದು, ಮಂತ್ರಿಸಿದ ದಾರಾನಾ? ಬ್ರೇಕ್ ಹಿಡೀದೇ ಇದ್ರೆ ದೇವ್ರು ಬಂದು ಹಿಡೀತಾನಾ?” ಎಂದರು.

ಮಾನ್ಯರೇ, ಇಲ್ಲಿ ನನ್ನ ಪಾಲಿನ ತಪ್ಪನ್ನು ಮುಚ್ಚಿಡಲಾರೆ. ಬೆಳಗಿನ ಪ್ರಾರ್ಥನೆ ಮುಗಿಸದೆ ಸ್ಪ್ಯಾನರ್ ಮುಟ್ಟದವನು ನಾನು. ಆ ಮಾತು ನನ್ನನ್ನು ಚುಚ್ಚಿತು. ಕಾಲು ಗಂಟೆ ಕಾಲ, ಭಗವಂತನ ರಕ್ಷಣೆಯೂ ಮನುಷ್ಯಪ್ರಯತ್ನವೂ ಪರಸ್ಪರ ವಿರುದ್ಧವಲ್ಲವೆಂದು ಬಾಯಿಪಾಠವಿದ್ದ ವಾಕ್ಯಗಳನ್ನೆಲ್ಲ ಎತ್ತಿ ವಾದಿಸಿದೆ. ಅವರು ಆಕಳಿಸುತ್ತ ಕೇಳಿ, ಬ್ಲೇಡಿನಿಂದ ಹುರಿಯನ್ನು ಕುಯ್ದು ಕಸದ ಬುಟ್ಟಿಗೆ ಹಾಕಿದರು. ‘ನಿಯಂತ್ರಣ ಗುಂಡಿಯ ಮೇಲಿನ ಅನಧಿಕೃತ ಧಾರ್ಮಿಕ ವಸ್ತುವನ್ನು ತೆರವುಗೊಳಿಸಲಾಗಿದೆ, ಪುನಃ ಸುತ್ತಿದಲ್ಲಿ ಅರ್ಹತೆ ರದ್ದು’ ಎಂದು ಬರೆದು ಮುದ್ರೆ ಒತ್ತಿದರು. ಆ ಹುರಿ ಏತಕ್ಕೆಂಬ ಒಂದೇ ಒಂದು ವಾಕ್ಯವನ್ನು ಹೇಳಲು ನನಗೆ ಹೊಳೆಯಲಿಲ್ಲ. ಹೊರಗೆ ಬಂದ ಮೇಲೆ ಭಾವಮೈದುನ ನಕ್ಕ. “ಭಾವ, ಪ್ರವಚನ ಬಹಳ ಚೆನ್ನಾಗಿತ್ತು. ಹುರಿ ಮಾತ್ರ ಹೋಯ್ತು.” ಮರಳಿ ಸುತ್ತಿಕೊಡೆಂದು ಅವನು ಕೇಳಿದ. ಸರ್ಕಾರದ ಮುದ್ರೆಗೆ ಅಂಜಿ, ಬೇಡವೆಂದವನು ನಾನೇ.

ಹತ್ತೊಂಬತ್ತನೆಯ ದಿನ ಒಂದು ಆಸ್ಪತ್ರೆಯ ಹಿತ್ತಲಿನ ತೊಟ್ಟಿಗೆ ನೀರು ತುಂಬಿಸುತ್ತಿದ್ದರು. ಪಂಪಿನ ಬಳಿ ನಿಂತಿದ್ದವನು ಭಾವಮೈದುನನ ಜೊತೆಗಾರ. ಎತ್ತರದ ಆಳು, ಎಲ್ಲರ ಬಾಯಲ್ಲೂ ‘ಏಣಿ’. ಅವನ ತೋಳಿನ ಬಟ್ಟೆ ಪಂಪಿನ ಬೆಲ್ಟಿಗೆ ಸಿಕ್ಕಿಕೊಂಡಿತು. ಆರಿಸು ಎಂದು ಕೂಗಿದ. ನನ್ನ ಭಾವಮೈದುನ ಕೆಳಗೆ ನಿಂತಿದ್ದವನು, ಕಣ್ಣನ್ನು ಜೊತೆಗಾರನ ಮೇಲೇ ನೆಟ್ಟು, ಕಿಟಕಿಯಿಂದ ಕೈ ಒಳಗೆ ಚಾಚಿದ. ಹನ್ನೆರಡು ವರ್ಷ ಒರಟು ಹುರಿಯನ್ನು ಬಲ್ಲ ಕೈ ಅದು. ಒಂದು ಗುಂಡಿಯನ್ನು ಸವರಿತು, ನುಣುಪು. ಇನ್ನೊಂದನ್ನು ಸವರಿತು, ನುಣುಪು. ಮತ್ತೆ ಮೊದಲನೆಯದಕ್ಕೆ ಹೋಯಿತು. ಕೊನೆಗೆ ಒಂದನ್ನು ಎಳೆಯಿತು, ಎಂಜಿನ್ ಆರ್ಭಟಿಸಿತು. ಎರಡನೆಯದನ್ನು ಎಳೆಯುವಷ್ಟರಲ್ಲಿ ಏಣಿಯ ಮೂರು ಬೆರಳುಗಳು ಹೋಗಿದ್ದವು.

‘ಚಾಲಕನ ಅಜಾಗರೂಕತೆ: ತಪ್ಪು ಗುಂಡಿಯನ್ನು ಎಳೆದಿರುತ್ತಾನೆ’ ಎಂದು ತಮ್ಮ ಕಚೇರಿಯ ವರದಿ ಹೇಳುತ್ತದೆ. ತಪ್ಪು ಯಾವುದು, ಸರಿ ಯಾವುದು ಎಂದು ಅವನ ಕೈಗೆ ಹೇಳುತ್ತಿದ್ದ ಏಕೈಕ ಸಾಕ್ಷಿಯನ್ನು ಬುಟ್ಟಿಗೆ ಹಾಕಿದವರು ಯಾರು? ಕಣ್ಣು ಕಟ್ಟಿ ದಾರಿ ಕೇಳುವುದು ಯಾವ ನ್ಯಾಯ? ನಮ್ಮ ನುಡಿಯಲ್ಲಿ ಗುಂಡಿ ಎಂದರೆ ಕೈಯಿಂದ ಹಿಡಿಯುವುದೂ ಹೌದು, ಕಾಲು ಜಾರಿ ಬೀಳುವುದೂ ಹೌದು. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸಿದ ಕೀರ್ತಿ ತಮ್ಮ ಇಲಾಖೆಯದು.

ಆಸ್ಪತ್ರೆಯಲ್ಲಿ ನನ್ನ ಭಾವಮೈದುನ ಏಣಿಯ ಮಂಚದ ಕಾಲದೆಸೆಯಲ್ಲಿ, ಬಲಗೈಯನ್ನು ತೊಡೆಯ ಕೆಳಗೆ ಅಡಗಿಸಿಕೊಂಡು ಕುಳಿತಿದ್ದ. ಏಣಿ ಅವನತ್ತ ತಿರುಗಿ, “ನಿನ್ನ ಕೈ ತಪ್ಪು ಮಾಡ್ಲಿಲ್ಲ ಮಾರಾಯಾ. ಅದು ಹುರಿ ಹುಡುಕ್ತಿತ್ತು” ಎಂದ. ಆ ಮಾತನ್ನೇ ವಿಚಾರಣೆಯಲ್ಲಿ ಹೇಳಲು ಅವನು ಸಿದ್ಧನಿದ್ದಾನೆ. ಹೇಳಿಕೆಗೆ ಎಡಗೈ ಹೆಬ್ಬೆಟ್ಟನ್ನೂ ಒತ್ತಿದ್ದಾನೆ. ನನ್ನ ಭಾವಮೈದುನನಾದರೋ ಈಗ ಮನೆಯ ಬಾಗಿಲ ಚಿಲಕ ಎಳೆಯುವ ಮುನ್ನವೂ ಒಮ್ಮೆ ತನ್ನ ಕೈಯನ್ನು ನೋಡಿಕೊಳ್ಳುತ್ತಾನೆ. ಊಟದ ತಟ್ಟೆಯ ಮುಂದೆಯೂ ಹಾಗೆಯೇ ಕುಳಿತಿರುತ್ತಾನೆಂದು ನನ್ನ ತಂಗಿ ಹೇಳಿ ಅಳುತ್ತಾಳೆ. ಪರವಾನಗಿ ಹೋದರೆ ಅವನು ವರದಿಯ ಮಾತನ್ನೇ ಸತ್ಯವೆಂದು ನಂಬಿಬಿಡುತ್ತಾನೆ. ನನ್ನ ಭಯ ಅದು.

ಆದುದರಿಂದ ನನ್ನ ಬೇಡಿಕೆ. ಸೋಮವಾರಕ್ಕೆ ಮುನ್ನ ತಾವೇ ಆ ಲಾರಿಯ ಬಳಿ ಬನ್ನಿ. ನೆಲದ ಮೇಲೆ ನಿಂತು, ಮುಖವನ್ನು ಪಂಪಿನ ಕಡೆಗೆ ತಿರುಗಿಸಿ, ಕಿಟಕಿಯಿಂದ ಕೈ ಹಾಕಿ, ನಿಲುಗಡೆಯ ಗುಂಡಿ ಯಾವುದೆಂದು ಹೇಳಿ. ಮೊದಲ ಬಾರಿಗೇ ಹೇಳಿದಿರಾದರೆ ನಾನು ಸೋತೆ. ಹೇಳಲಾಗದಿದ್ದರೆ ವರದಿಯಿಂದ ‘ಅಜಾಗರೂಕತೆ’ ಎಂಬ ಪದವನ್ನು ತೆಗೆಯಿರಿ; ಅಲ್ಲೊಂದು ಪದ ಇರಲೇಬೇಕಾದರೆ ಅದರ ಮುಂದೆ ತಮ್ಮ ತಪಾಸಕರನ್ನೂ ನನ್ನನ್ನೂ ಸೇರಿಸಿ. ಹುರಿಯನ್ನು ಮರಳಿ ಸುತ್ತಲು ಲಿಖಿತ ಅಪ್ಪಣೆ ಕೊಡಿ. ಮೇಣ ಸವರಿದ ಒಂದು ಮೊಳ ಹುರಿ ನನ್ನ ಜೇಬಿನಲ್ಲಿ ಸಿದ್ಧವಾಗಿದೆ. ಈ ಸಲ ನಾನು ದೇವರ ವಿಷಯ ಮಾತಾಡುವುದಿಲ್ಲ; ಆತನಿಗೆ ನನ್ನ ವಕಾಲತ್ತು ಬೇಕಿರಲಿಲ್ಲ. ಬೇಕಾಗಿದ್ದುದು ಆ ಕೈಗೆ.

ಇಂತಿ,
ದೇವರ ಪರವಾಗಿ ಕಾಲು ಗಂಟೆ ವಾದಿಸಿ, ಹುರಿಯ ಪರವಾಗಿ ಒಂದು ಮಾತೂ ಆಡದ
ಕೇಬಲ್ ಜೋಡಿಸುವ ಮುದುಕ