ಬಾಣದ ಕೆಳಗಿನ ಸಣ್ಣಕ್ಷರ

ಮಾನ್ವಿ
೧೮-೨-೨೦೨೫

ಚಿರಂಜೀವಿ ವಿಜಯಶ್ರೀಗೆ ಮರಿಸ್ವಾಮಿ ಮಾಮಾನ ಆಶೀರ್ವಾದ. ನಾವೆಲ್ಲ ಆರಾಮ ಇದ್ದೇವೆ. ನೀನು ಬಂದುಹೋಗಿ ಹನ್ನೆರಡು ದಿನವಾದ ಮೇಲೆ ಬರೆಯುತ್ತಿದ್ದೇನೆ, ತಪ್ಪು ನನ್ನದೇ. ಫೋನ್ ಮಾಡಿದರೆ “ಕ್ಲಾಸ್ ಅದ ಮಾಮಾ” ಎಂದು ಇಟ್ಟುಬಿಡುತ್ತೀ; ಕಾಗದದ ಮುಂದೆ ಆ ಆಟ ನಡೆಯುವುದಿಲ್ಲ.

ರಾಯಚೂರಿನಿಂದ ಇಪ್ಪತ್ತು ವಿದ್ಯಾರ್ಥಿಗಳನ್ನು ನಮ್ಮ ರೈಸ್ ಮಿಲ್ಲಿಗೆ ಕರೆತರುತ್ತೀ ಎಂದು ಗೊತ್ತಾದ ದಿನವೇ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಸಾರಿದ್ದೆ: “ನಮ್ಮಕ್ಕನ ಮಗಳು ಪ್ರೊಫೆಸರ್. ನನ್ನ ಬಾಯ್ಲರ್ ನೋಡಾಕ ಬರಾಕತ್ತಾಳ.” ಮಾಲೀಕರಿಗೂ ಹೇಳಿದ್ದೆ. ನೀನು ಬಂದ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಬಾಯ್ಲರಿನ ಬೂದಿ ತೆಗೆದವನು ಇಡೀ ತಾಲೂಕಿನಲ್ಲಿ ನಾನೊಬ್ಬನೇ.

ನಿನ್ನ ಪಾಠ ಚೆನ್ನಾಗಿತ್ತು, ನನ್ನಷ್ಟಲ್ಲದಿದ್ದರೂ. ಗೋಡೆಗೆ ಹಾಳೆ ಅಂಟಿಸಿ, ಮೂರು ವೃತ್ತ ಎಳೆದು ಒಳಗೆ ಬೆಂಕಿ, ವಾಲ್ವ್, ಒತ್ತಡ ಎಂದು ಬರೆದು, “ಯಾವುದು ಯಾವುದರ ಮ್ಯಾಲ ನಿಂತದ, ಬಾಣ ಹಾಕ್ರಿ” ಎಂದೆ. ಆತಿಯಾ ಎಂಬ ಹುಡುಗಿ ಬೆಂಕಿಯಿಂದ ಒತ್ತಡಕ್ಕೆ ಒಂದೇ ಬಾಣ ಎಳೆದಳು. “ಬೆಂಕಿ ಹೆಚ್ಚಾದ್ರ ಒತ್ತಡ ಹೆಚ್ಚು. ಮುಗೀತು.”

ನಾನು ಒಲೆಗೆ ಹೊಟ್ಟು ಸುರಿದೆ. ಒತ್ತಡದ ಮೀಟರಿನ ಮುಳ್ಳು ಏರಿತು, ಅವಳು ಬೀಗಿದಳು. ಇನ್ನಷ್ಟು ಸುರಿದು, ಭತ್ತ ಬೇಯುವ ತೊಟ್ಟಿಗೆ ಉಗಿ ಬಿಡುವ ವಾಲ್ವ್ ಬಿಚ್ಚಿದೆ. ಬೆಂಕಿ ಹೆಚ್ಚಿದ್ದರೂ ಮುಳ್ಳು ಇಳಿಯಿತು.

“ಅಂಕಲ್, ಮೀಟರ್ ಕೆಟ್ಟದ ಏನ್ರೀ?”

“ಮೀಟರ್ ಸರಿ ಅದ ತಂಗಿ, ನಿನ್ನ ಬಾಣ ಕೆಟ್ಟದ. ಮುಳ್ಳು ಏರೂವಾಗ ವಾಲ್ವ್ ಮುಚ್ಚಿತ್ತು. ಅದನ್ನ ಎಲ್ಲಿ ಬರದೀ?”

ಆಗ ನೀನು ಪೆನ್ನು ತೆಗೆದುಕೊಂಡು, ಬಾಣದ ಕೆಳಗೆ ಸಣ್ಣಕ್ಷರದಲ್ಲಿ ‘ವಾಲ್ವ್ ಮುಚ್ಚಿದೆ’ ಎಂದು ಬರೆದೆ. “ಅಲುಗದ ನಿಂತದ್ದನ್ನ ಕೆಳಗ ಬರೀಲಿಲ್ಲಂದ್ರ ಮ್ಯಾಲಿಂದೆಲ್ಲ ಸುಳ್ಳಾಗ್ತದ” ಎಂದೆ. ಏಳನೇ ಕ್ಲಾಸಿನವರೆಗಷ್ಟೇ ಓದಿದ ಈ ಮಾಮಾ ಮೂವತ್ತು ವರ್ಷದಿಂದ ಬಲ್ಲ ಮಾತನ್ನು ನಿನ್ನ ಪುಸ್ತಕವೂ ಒಪ್ಪಿತಲ್ಲ, ಸಂತೋಷ.

ಗಬ್ಬೂರಿಗೆ ಹೋದರೆ ನಿಮ್ಮವ್ವ, ನಮ್ಮಕ್ಕ ಬಸವಂತಮ್ಮನಿಗೆ ಶರಣು ಹೇಳು. ನಿನಗೆ ಇನ್ನೂ ದೊಡ್ಡ ಹೆಸರು ಬರಲಿ.

ನಿನ್ನ ಮಾಮಾ
ಮರಿಸ್ವಾಮಿ

ತಾ.ಕ.: ಹೊರಡುವಾಗ ಮಾಲೀಕರು, “ನಮ್ಮ ಮರಿಸ್ವಾಮಿ ನಿಮಗ ಏನಾಗಬೇಕ್ರಿ ಮೇಡಂ?” ಎಂದು ಕೇಳಿದರು. ನೀನು ವಿದ್ಯಾರ್ಥಿಗಳ ಕಡೆ ನೋಡಿ, “ನಮ್ಮೂರ ಕಡಿಯವರ್ರಿ” ಎಂದೆ. ಅಂದಿನಿಂದ ಚಹಾದಂಗಡಿಗೆ ಹೋಗಿಲ್ಲ. ಐದು ವರ್ಷ ನಮ್ಮ ಮನೆಯಲ್ಲಿದ್ದು ಓದಿದವಳು ನೀನು. ಆ ಹಾಳೆಯನ್ನು ನಾನು ಗೋಡೆಯಿಂದ ಕಿತ್ತಿಲ್ಲ. ಬಾಣದ ಕೆಳಗೆ ‘ಮಾಮಾ’ ಎಂದು ಬರೆಯಲು ಇನ್ನೂ ಜಾಗವಿದೆ, ಸಣ್ಣಕ್ಷರವಾದರೂ ಸಾಕು.